ಬೇಸಿಗೆಯಲ್ಲಿ ಕೊಂಡ ಕೋಟುಗಳು

ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸರು ಅವಳನ್ನು ‘ಉಲ್ಟಾ ಅಕ್ಕ’ ಎಂದೇ ಕರೆಯುತ್ತಿದ್ದರು. ಮಳೆ ಪೂರ್ತಿ ನಿಂತ ಮೇಲೆ ಕೊಡೆ ಕೊಳ್ಳುವವಳು, ನೆತ್ತಿ ಸುಡುವ ಬಿಸಿಲಲ್ಲಿ ಸ್ವೆಟರ್ ಹುಡುಕುವವಳು ಅಲ್ಲಿ ಅವಳೊಬ್ಬಳೇ. ಮಕ್ಕಳ ಬರುವ ವರ್ಷದ ಅಳತೆಯನ್ನು ಈಗಲೇ ಅಂದಾಜು ಮಾಡಿ ಬಟ್ಟೆ ತರುತ್ತಿದ್ದಳು. ಒಮ್ಮೆ ಮಗಳು ಅಂದಾಜು ಮೀರಿ ಬೆಳೆದು, ಹೊಸ ಸ್ವೆಟರ್ ಮಡಿಕೆಯೂ ಬಿಚ್ಚದೆ ನಾದಿನಿಯ ಮಗಳ ಪಾಲಾಯಿತು. ಗಂಡ ಆ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಬಟ್ಟೆಗೆಂದು ಯಾರ ಮುಂದೆಯೂ ಕೈಚಾಚಿದವಳಲ್ಲ ಅವಳು.

ಒಂದು ಚಳಿಗಾಲ ವಿಪರೀತವಾಯಿತು. ಬೆಳಗಿನ ಪಾಳಿಯಲ್ಲಿ ಪೈಪಿನ ನೀರು ಮೈಗೆ ಸಿಡಿದರೆ ಹಲ್ಲು ಕಟಕಟ ಎನ್ನುತ್ತಿತ್ತು. ಎಲ್ಲರಿಗಿಂತ ಹಿರಿಯಳಾದ ಹೆಂಗಸು ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದಳು. ಉಳಿದವರು ಗುತ್ತಿಗೆದಾರನ ಬಳಿ ಕೋಟು ಕೇಳಿದರು. “ಮುಂದಿನ ವರ್ಷ ನೋಡೋಣ” ಎಂದು ಅವನು ಜಾರಿಕೊಂಡ. ಅಂಗಡಿಯಲ್ಲಿ ವಿಚಾರಿಸಿದರೆ ಬೆಲೆ ಬೆಂಕಿ.

“ಈಗ ಯಾರೂ ಕೊಳ್ಳಬೇಡಿ,” ಎಂದಳು ಉಲ್ಟಾ ಅಕ್ಕ. “ಈ ಚಳಿ ಹೇಗಾದರೂ ಕಳೀರಿ. ಪ್ರತಿ ತಿಂಗಳು ಕೈಲಾದಷ್ಟು ನನ್ನ ಹತ್ರ ಕೊಡ್ತಾ ಬನ್ನಿ. ಬೇಸಿಗೇಲಿ ಅಗ್ಗಕ್ಕೆ ಕೊಳ್ಳೋಣ.”

“ಬೇಸಿಗೇಲಿ ಕೋಟು ಹಾಕ್ಕೊಂಡು ಬೇಯೋದಾ ಅಕ್ಕ?” ಎಂದು ಒಬ್ಬಳು ಕಿಚಾಯಿಸಿದಳು. ಆದರೂ ಸಂಬಳದ ದಿನ ಎಲ್ಲರೂ ದುಡ್ಡು ತಂದುಕೊಟ್ಟರು.

ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಕಾಲ ಬಂತು. ಅಕ್ಕ ಅಂಗಡಿಗೆ ಹೋಗಿ ದಪ್ಪ ಕೋಟುಗಳನ್ನು ಕೇಳಿದಳು. ಅಂಗಡಿಯಾತ ಬೀಸಣಿಗೆ ಆಡಿಸುತ್ತಾ, “ಏನಮ್ಮ, ಮೈ ಹುಷಾರಿಲ್ವಾ?” ಎಂದ. ಅವಳು ಬೇಸರಿಸಿಕೊಳ್ಳದೆ ಅಟ್ಟ ಹತ್ತಿದಳು. ಮೂಟೆಯಲ್ಲಿ ಗಿಳಿಹಸಿರು ಬಣ್ಣದ ಕೋಟುಗಳು ಬಿದ್ದಿದ್ದವು. ಒಳಗೆ ಉಣ್ಣೆ, ಹೊರಗೆ ನೀರಿಳಿಯದ ಬಟ್ಟೆ. ಕಣ್ಣಿಗೆ ಹೊಡೆಯುವ ಬಣ್ಣ ಯಾರಿಗೂ ಬೇಡವಾಗಿತ್ತು. ಆ ಸೆಕೆಯಲ್ಲೇ ಒಂದನ್ನು ತೊಟ್ಟು, ಬಗ್ಗಿ, ಕೈಯೆತ್ತಿ, ಬಸ್ಸಿನ ಗಾಜು ಒರೆಸುವಂತೆ ಆಡಿಸಿ ನೋಡಿದಳು. ಬೆವರು ಕಿತ್ತುಕೊಂಡು ಬಂತು.

“ಎಲ್ಲಾನೂ ತಗೋತೀನಿ. ಅರ್ಧ ಬೆಲೆಗೆ ಕೊಡಿ.”

“ಅರ್ಧಾನಾ? ಚಳಿ ಬರಲಿ, ಪೂರ್ತಿ ಬೆಲೆಗೆ ಮಾರ್ತೀನಿ.”

“ಹೋದ ಚಳೀಲೂ ಹಾಗೇ ಅಂದ್ಕೊಂಡಿದ್ರಿ ಅಲ್ವಾ ಅಣ್ಣ? ನುಸಿ ತಿನ್ನೋಕೆ ಮುಂಚೆ ನನಗೆ ಕೊಡಿ. ಮೂಟೆ ಹೊತ್ಕೊಂಡು ಹೋಗೋದೂ ನಾವೇ.”

ಅಂಗಡಿಯಾತ ಅಟ್ಟವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ ಬೀಸಣಿಗೆ ಪಕ್ಕಕ್ಕಿಟ್ಟು ಮೂಟೆ ಕಟ್ಟಲು ಹಗ್ಗ ಹುಡುಕಿದ.

ಹೊಲಿಗೆ ಕೆಲಸದ ನಾದಿನಿ ಒಬ್ಬೊಬ್ಬರ ಅಳತೆಗೆ ತೋಳು ಮಡಿಚಿ ಹೊಲಿದುಕೊಟ್ಟಳು. “ಗಿಳಿಗಳ ಹಿಂಡು ಸಾಕ್ತಿದೀರಾ ಅತ್ತಿಗೆ?” ಎಂದು ಅವಳ ತಮಾಷೆ.

ಮತ್ತೆ ಚಳಿ ಬಂತು. ಮಂಜು ಮುಸುಕಿದ ಬೆಳಗ್ಗೆ ಡಿಪೋದ ಗೇಟಿನಲ್ಲಿ ಹೆಂಗಸರು ಗಿಳಿಹಸಿರು ಕೋಟು ತೊಟ್ಟು ಸಾಲಾಗಿ ಒಳಬಂದರು. ಚಾಲಕರು ಟೀ ಲೋಟ ಕೈಯಲ್ಲೇ ಹಿಡಿದು ನಿಂತು ನೋಡಿದರು. ನೀರು ಸಿಡಿಯಿತು, ಕೋಟಿನ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಬಸ್ಸುಗಳ ನಡುವೆ ಅಂದು ಕೆಮ್ಮಿನ ಬದಲು ಹಾಡು ಕೇಳಿಸಿತು. ಹುಷಾರಾಗಿ ಕೆಲಸಕ್ಕೆ ಮರಳಿದ್ದ ಹಿರಿಯಳು ಎರಡೂ ಜೇಬಿಗೆ ಕೈ ಇಳಿಸಿ, “ಇಷ್ಟು ವರ್ಷದಲ್ಲಿ ಬೆಚ್ಚಗೆ ಕೆಲಸ ಮಾಡಿದ್ದು ಇವತ್ತೇ ಕಣೇ” ಎಂದಳು. ಅಕ್ಕ ಸೋಪಿನ ಬಕೆಟ್ಟಿನತ್ತ ಮುಖ ತಿರುಗಿಸಿಕೊಂಡಳು.

ಪಾಳಿ ಮುಗಿಯುವ ಹೊತ್ತಿಗೆ ಚಾಲಕರು ಅವಳನ್ನು ಸುತ್ತುವರಿದಿದ್ದರು. “ಅಕ್ಕ, ನಮಗೂ ತಂದ್ಕೊಡ್ತೀರಾ?”

“ತರ್ತೀನಿ. ಆದ್ರೆ ಬಣ್ಣ ನನ್ನ ಇಷ್ಟ,” ಎಂದಳು ಅವಳು, ಕಾಲರ್ ಸರಿಮಾಡಿಕೊಳ್ಳುತ್ತಾ.