ಅಕ್ಕ ಓದಿದ ಕೊನೆಯ ಪುಟ

ಮಂಜೇಶ್ವರದ ಹತ್ತಿರ ನಮ್ಮೂರಿನ ವಾಚನಾಲಯ ಖಾಲಿ ಮಾಡುವಾಗ ಒಂದು ಕಾದಂಬರಿಯನ್ನು ಮನೆಗೆ ತಂದೆ. ಬಿಡಿಸಿದರೆ ಹೊಗೆಸೊಪ್ಪಿನ ಘಾಟು. ಹದಿನೈದು ವರ್ಷಗಳ ಹಿಂದೆ, ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ನಾವೆಲ್ಲ ಕೇಳಿದ್ದ ಕಾದಂಬರಿ ಅದೇ.

ಓದುತ್ತಿದ್ದವರು ಆ ಮನೆಯ ಅಕ್ಕ. ವಾತದಿಂದ ಅವರ ಬೆರಳು ಮಡಚುತ್ತಿರಲಿಲ್ಲ, ಬೀಡಿ ಕಟ್ಟಲಾಗುತ್ತಿರಲಿಲ್ಲ. ಅವರು ಓದಬೇಕು, ನಾವು ಆರು ಮಂದಿ ನಮ್ಮ ನಮ್ಮ ಮಡಿಲಲ್ಲಿಟ್ಟ ಬೀಡಿಯ ಗೆರಸೆಯಿಂದ ಒಂದೊಂದು ಕಟ್ಟು ಬೀಡಿ ಅವರ ಪಾಲಿಗೆ ಇಡಬೇಕು... ಅದು ನಮ್ಮ ಕ್ರಮ. ಕಾದಂಬರಿಯ ಅತ್ತೆಯ ಮಾತನ್ನು ಮೂಗಿನಲ್ಲಿ, ಗಂಡನದ್ದನ್ನು ಗಂಟಲು ದಪ್ಪ ಮಾಡಿ ಓದುತ್ತಿದ್ದರು. ನಕ್ಕೂ ನಕ್ಕೂ ಎಲೆ ಹರಿದುಕೊಂಡದ್ದುಂಟು.

ಆ ವರ್ಷ ನನಗೆ ನಗು ಬರುತ್ತಿರಲಿಲ್ಲ. ದುಬೈಯಲ್ಲಿದ್ದ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಸುದ್ದಿ ಬಂದು, ತವರಿಗೆ ಮರಳಿದ್ದೆ. ನೀರು ಸೇದಲು ಹೋದವಳು, ಅಕ್ಕನ ಜಗಲಿಯಿಂದ ಕಾಣುವ ನಮ್ಮ ಬಾವಿಯೊಳಗೆ ನೋಡುತ್ತಾ ನಿಂತುಬಿಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಕಾದಂಬರಿಯ ಹೆಂಗಸಿಗೂ ನನ್ನದೇ ಪಾಡು. ಕೊನೆಗೆ ಅವಳಿಗೆ ಏನಾಗುತ್ತದೋ ಎಂದು ಭಯದಿಂದಲೇ ಕೇಳುತ್ತಿದ್ದೆ.

ಕೊನೆಯ ದಿನ ಅಕ್ಕ ತುಂಬ ನಿಧಾನವಾಗಿ ಓದಿದರು. ಅವಳು ಬಾವಿಕಟ್ಟೆಗೆ ಹೋದಳು, ಕೊಡ ತುಂಬಿಸಿದಳು, ಮಿಂದು ಒಣಸೀರೆ ಉಟ್ಟು ಬೆಳಗಿನ ಮೊದಲ ಬಸ್ಸು ಹತ್ತಿದಳು. ಪುಸ್ತಕ ಮಡಚಿದರು.

"ಇಷ್ಟು ಬೇಗ ಮುಗಿಯಿತಾ ಅಕ್ಕ?" ಎಂದು ಒಬ್ಬಳು ಕೇಳಿದಳು.

"ಅವಳು ಬದುಕಿದ್ದಾಳಲ್ಲ ಮಾರಾಯ್ತಿ. ಇನ್ನೆಂತ ಬೇಕು ನಿಂಗೆ?"

ನಾನೇ ಒಮ್ಮೆ ಓದುತ್ತೇನೆ, ಕೊಡಿ ಎಂದು ಕೈ ಚಾಚಿದೆ. "ಇವತ್ತೇ ವಾಪಸ್ ಕೊಡ್ಲಿಕ್ಕುಂಟು" ಎಂದು ಒಳಗೆ ಹೋದರು. ಮುಂದಿನ ವಾರ ನಾನೂ ಮಂಗಳೂರಿನ ಬಸ್ಸು ಹತ್ತಿದೆ, ಹೊಲಿಗೆ ಕಲಿತೆ.

ಮೊನ್ನೆ ಮೊದಲ ಸಲ ಅದನ್ನು ನಾನೇ ಓದಿದೆ. ಬರೆದವರಿಗೆ ಅಡುಗೆಮನೆ ಚೆನ್ನಾಗಿ ಗೊತ್ತು. ಅತ್ತೆ ಪಾತ್ರೆ ಕುಕ್ಕುವ ಸದ್ದಿನಲ್ಲೇ ಜಗಳ ಕೇಳಿಸುತ್ತಾರೆ. ಗಂಡ ಮಾತ್ರ ಮೊದಲಿನಿಂದ ಕೊನೆವರೆಗೆ ಬರೀ ಕೆಟ್ಟವನು. ಪೇಟೆಯ ಅಧ್ಯಾಯಗಳಿಗೆ ಆಕಳಿಕೆ ಬರುತ್ತದೆ. ಕೊನೆಯಂತೂ... ಅಷ್ಟು ಗಟ್ಟಿ ಹೆಂಗಸನ್ನು ಎರಡೇ ಪುಟದಲ್ಲಿ ಬಾವಿಗೆ ಹಾರಿಸಿ ಕೈತೊಳೆದುಕೊಂಡಿದ್ದಾರೆ. ಹಿಂದೆ ಮುಂದೆ ತಿರುವಿ ಹುಡುಕಿದೆ. ಬಸ್ಸು ಎಲ್ಲಿಯೂ ಇಲ್ಲ. ಅದು ಅಕ್ಕನ ಬಾಯಲ್ಲಿ ಮಾತ್ರ ಇದ್ದದ್ದು, ನನಗಾಗಿ.

ಈಗ ಹೇಳೋಣವೆಂದರೆ ಅಕ್ಕ ಇಲ್ಲ, ತೀರಿಹೋಗಿ ಮೂರು ವರ್ಷವಾಯಿತು. ಕೊನೆಗೆ ಅವರ ಕಣ್ಣೂ ಹೋಗಿತ್ತು. ಯಾರಾದರೂ ಬಂದು ನಾಲ್ಕು ಪುಟ ಓದಿ ಹೇಳುತ್ತಾರಾ ಎಂದು ಕೇಳುತ್ತಿದ್ದರಂತೆ, ನನ್ನ ಹೆಸರನ್ನೂ ಎತ್ತಿದ್ದರಂತೆ. ಆ ಮಾತು ನನಗೆ ಮುಟ್ಟಿದಾಗ, ಮದುವೆಯ ಹೊಲಿಗೆ ರಾಶಿ ಬಿದ್ದಿದೆ, ಮುಗಿಸಿ ಬರುತ್ತೇನೆ ಎಂದು ಹೇಳಿ ಕಳಿಸಿದ್ದೆ. ಹೋಗಲಿಲ್ಲ.