ಅಕ್ಕ ಯಾಕೆ ಬರಲಿಲ್ಲ

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಮನಃಶಾಸ್ತ್ರದ ಮೇಷ್ಟ್ರು. ಪ್ರತಿವರ್ಷ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಒಂದು ವಾಕ್ಯ ಬರೆಯುತ್ತೇನೆ: ‘ಮನುಷ್ಯನ ಯಾವ ನಡವಳಿಕೆಗೂ ಒಂದೇ ಕಾರಣ ಇರುವುದಿಲ್ಲ.’ ಮಕ್ಕಳು ಬರೆದುಕೊಳ್ಳುತ್ತಾರೆ, ನಾನು ಒರೆಸಿ ಮನೆಗೆ ಹೋಗುತ್ತೇನೆ. ನಿಜ ಹೇಳಬೇಕೆಂದರೆ, ಆ ವಾಕ್ಯ ಕಾಲೇಜಿನ ಗೇಟು ದಾಟಿ ನನ್ನ ಜೊತೆ ಮನೆಗೆ ಬಂದದ್ದು ಒಂದು ದಿನವೂ ಇಲ್ಲ.

ಪಾಠದಲ್ಲಿ ಇನ್ನೊಂದು ಮಾತೂ ಇದೆ. ನಮ್ಮ ತಪ್ಪಿಗೆ ನಾವು ಸಂದರ್ಭವನ್ನು ದೂರುತ್ತೇವೆ, ಬೇರೆಯವರ ತಪ್ಪಿಗೆ ಅವರ ಗುಣವನ್ನು. ನಾನು ತಡವಾಗಿ ಹೋದರೆ ರೈಲ್ವೆ ಗೇಟು ಹಾಕಿತ್ತು. ವಿದ್ಯಾರ್ಥಿ ತಡವಾಗಿ ಬಂದರೆ ಅವನು ಸೋಮಾರಿ. ಅದೇ ಗೇಟಿನಲ್ಲಿ ಅವನೂ ನನ್ನ ಸ್ಕೂಟರಿನ ಪಕ್ಕದಲ್ಲೇ ನಿಂತಿದ್ದ ಎನ್ನುವುದು ಬೇರೆ ಮಾತು.

ಈಚೆಗೆ ಒಂದು ಮನೆ ಕಟ್ಟಿಸಿದೆ. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಕೆಲಸ ನಮ್ಮಲ್ಲಿ ಮನೆಮಗಳದು. ಅಂದರೆ ಹಳೇಬೀಡಿನಲ್ಲಿರುವ ನನ್ನ ಅಕ್ಕನದು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳೂ ಅವಳೇ. ಆ ಅಕ್ಕ ಬರಲಿಲ್ಲ. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಅವಸರಪಡಿಸಿದಾಗ ನನ್ನ ಹೆಂಡತಿಯೇ ಹಾಲು ಉಕ್ಕಿಸಿದಳು. ಭಾವ ಒಬ್ಬರೇ ಬಂದು, “ಅವಳಿಗೆ ಮೈ ಸರಿಯಿಲ್ಲ ಕಣಯ್ಯ” ಎಂದು ಊಟ ಮಾಡಿ ಹೋದರು.

ನನಗೆ ಕಾರಣ ತಕ್ಷಣ ಹೊಳೆಯಿತು. ಒಂದೇ ಕಾರಣ! ನಾನು ಕುಂಕುಮ, ಅಕ್ಷತೆ ಹಿಡಿದು ಮನೆಗೆ ಹೋಗಿ ಕರೆದಿರಲಿಲ್ಲ. ಆಮಂತ್ರಣ ಪತ್ರಿಕೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದೆ. ಅಷ್ಟಕ್ಕೇ ಇಷ್ಟು ಹಠವೇ ಎಂದು ಸಿಟ್ಟಾಗಿ ಒಂದು ತಿಂಗಳು ಫೋನು ಮಾಡಲಿಲ್ಲ. ನನ್ನ ಮೌನಕ್ಕೆ ಮಾತ್ರ ಬೇಕಾದಷ್ಟು ಕಾರಣಗಳಿದ್ದವು: ಪರೀಕ್ಷೆ, ಮೌಲ್ಯಮಾಪನ, ಹೊಸ ಮನೆಯ ಸೋರುವ ನಲ್ಲಿ. ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತು ಎನ್ನುವವರನ್ನು ಕಂಡರೆ ನಗುವ ಮನುಷ್ಯ ನಾನು. ಕೊಂಬೆಗೆ ಹುಳ ಹಿಡಿದಿತ್ತೇ, ಗಾಳಿ ಬೀಸಿತ್ತೇ ಎಂದು ತರಗತಿಯಲ್ಲಿ ಕೇಳುತ್ತೇನೆ. ಅಕ್ಕನ ವಿಷಯದಲ್ಲಿ ಕಾಗೆಯನ್ನಷ್ಟೇ ನೋಡಿದ್ದೆ.

ಕಳೆದ ಭಾನುವಾರ ತಡೆಯಲಾಗದೆ ಹಳೇಬೀಡಿನ ಬಸ್ಸು ಹತ್ತಿದೆ. ಅಕ್ಕ ಜಗಲಿಯ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು, “ವಾಟ್ಸಾಪಿನಲ್ಲಿ ಕರೆದದ್ದು ತಪ್ಪಾಯ್ತು ಅಕ್ಕ” ಎಂದೆ.

“ಅದೂ ಇತ್ತು ಕಣೋ,” ಎಂದಳು. “ಮಂಡಿನೋವೂ ಇತ್ತು. ನಿಮ್ಮನೆ ಮೆಟ್ಟಿಲು ಎತ್ತರ ಅಂತ ನಿಮ್ಮ ಭಾವ ಮನೆ ಕಟ್ಟುವಾಗಲೇ ನೋಡಿ ಬಂದು ಹೇಳಿದ್ರು. ಅಷ್ಟು ಜನದ ಮುಂದೆ ಯಾರ್ಯಾರೋ ನನ್ನ ಹಿಡಿದು ಹತ್ತಿಸೋದು ಬೇಡ ಅನ್ನಿಸ್ತು. ಅಮ್ಮ ನೆನಪಾಗಿ ಒಲೆ ಮುಂದೆ ಅತ್ತುಬಿಟ್ರೆ ಅನ್ನೋ ಭಯ ಬೇರೆ. ಸೀರೆ ಉಟ್ಟು ಬಾಗಿಲವರೆಗೂ ಬಂದಿದ್ದೆ. ಆಮೇಲೆ ಒಳಗೆ ಹೋಗಿ ಕೂತೆ. ಯಾವುದು ಎಷ್ಟು ಅಂತ ನಂಗೇನು ಗೊತ್ತು?”

ಸೀರೆ ಉಟ್ಟು ಒಳಗೆ ಕೂತ ಅಕ್ಕನನ್ನು ನೆನೆದು ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ನಾನು ಇಡೀ ವರ್ಷ ಎಳೆಯುವ ಪಾಠವನ್ನು ಅವಳು ಒಂದು ಹಿಡಿ ಅವರೆಕಾಯಿ ಸುಲಿಯುವಷ್ಟರಲ್ಲಿ ಮುಗಿಸಿದ್ದಳು.

ಈಗಲಾದರೂ ಕ್ರಮವಾಗಿ ಕರೆಯೋಣವೆಂದರೆ ಕೈಯಲ್ಲಿ ಏನೂ ಇಲ್ಲ. ಕೊನೆಗೆ ಅವಳ ದೇವರಮನೆಯ ಕುಂಕುಮದ ಭರಣಿಯನ್ನೇ ತಂದು ಅವಳ ಮುಂದೆ ಹಿಡಿದೆ.

“ಅರಸೀಕೆರೆಯಿಂದ ಒಂದು ತೆಂಗಿನಕಾಯೂ ಇಲ್ಲದೆ ಬಂದಿದೀಯಲ್ಲೋ!” ಎಂದು ನಕ್ಕು ಕುಂಕುಮ ಇಟ್ಟುಕೊಂಡಳು. “ಅದಿರಲಿ, ಇವತ್ತು ನೀನ್ಯಾಕೆ ಬಂದೆ?”

ಯೋಚಿಸಿದೆ. ಹೆಂಡತಿ ದಬ್ಬಿದ್ದಳು. ರಜೆ ಇತ್ತು. ಅಕ್ಕನ ಕೈಯ ಅವರೆಕಾಳಿನ ಸಾರು ನೆನಪಾಗಿತ್ತು. ಅವಳಿಲ್ಲದ ಹೊಸ ಮನೆ ಬಿಕೋ ಎನ್ನುತ್ತಿತ್ತು. “ಗೊತ್ತಿಲ್ಲ ಅಕ್ಕ,” ಎಂದೆ.

“ಮುಂದಿನ ಭಾನುವಾರ ನಾನೂ ಬರ್ತೀನಿ. ಹಾಲು ತರಿಸಿಟ್ಟಿರು. ಮೆಟ್ಟಿಲ ಹತ್ರ ನೀನೇ ನಿಂತಿರು,” ಎಂದಳು. “ಯಾಕೆ ಬಂದೆ ಅಂತ ಮಾತ್ರ ಕೇಳಬೇಡ.”