ದೊಡ್ಡವರು ಮೂರು, ಕೂಸು ಒಂದು

ಕೋತಗಿರಿಯ ನಮ್ಮ ಭೋಜನ್ ವೆಬ್‌ಸೈಟ್ ಮಾಡುವವನು. ಅವನ ಬಳಿ ಇರುವುದು ಒಂದೇ ಟೆಂಪ್ಲೇಟ್. ಹತ್ತು ವರ್ಷದ ಹಿಂದೆ ಕೆತ್ತಿ ಊರಿನ ಹೋಂಸ್ಟೇ ಒಂದಕ್ಕೆ ಬರೆದದ್ದು. ಯಾರು ಬಂದರೂ ಅದನ್ನೇ ನಕಲು ಮಾಡಿ, ಹೆಸರು ಬದಲಿಸಿ ಕೊಡುತ್ತಾನೆ. ಎಲ್ಲ ಸೈಟಿಗೂ ಬೇಕಾದ ಕೋಡ್ ಮುಕ್ಕಾಲು ಪಾಲು ಒಂದೇ, ದಿನಾ ಹೊಸದಾಗಿ ಯಾಕೆ ಬರೆಯಬೇಕು ಎಂಬುದು ಅವನ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಎರಡು ವರ್ಷದ ಹಿಂದೆ ಒಂದು ಟೀ ಫ್ಯಾಕ್ಟರಿಗೂ ಅದನ್ನೇ ಅಂಟಿಸಿದ. ಇಷ್ಟು ಮೂಟೆ ಎಲೆ ಇದೆ ಎಂದು ಟೀ ಬೆಳೆಯುವ ಹಟ್ಟಿಯವರು ಫೋನಿನಲ್ಲಿ ತುಂಬಿದರೆ ಲಾರಿ ಬರಬೇಕು. ಈ ಮಹಾರಾಯ ಹೋಂಸ್ಟೇಯ ಫಾರಂ ಬದಲಿಸುವುದನ್ನೇ ಮರೆತಿದ್ದ. ‘ದೊಡ್ಡವರು ಎಷ್ಟು? ಮಕ್ಕಳು ಎಷ್ಟು?’ ಎಂದು ಅದು ಕೇಳಿತು. ನಮ್ಮ ಜನ ಗಾಬರಿಯಾಗಲಿಲ್ಲ. ತುಂಬಿದ ಮೂಟೆ ದೊಡ್ಡವರು, ಅರೆ ಮೂಟೆ ಕೂಸು ಎಂದು ತಾವೇ ಗೊತ್ತುಮಾಡಿಕೊಂಡರು. ಲಾರಿ ಓಡಿಸುವ ಹಾಲನ್‌ಗೂ ಅದು ರೂಢಿಯಾಯಿತು.

ಮೊನ್ನೆ ಮ್ಯಾನೇಜರ್ ವಸಂತಕುಮಾರ್ ಕಣ್ಣಿಗೆ ಇದು ಬಿದ್ದು, ಅವರ ಮಾನ ಹೋಯಿತು. ವರಸೆಯಲ್ಲಿ ಭೋಜನ್‌ಗೆ ಸೊಸೆಯಾಗುವ, ಕಂಪ್ಯೂಟರ್ ಕಲಿತ ಸಿಂಧುಜಾಳನ್ನು ಕರೆಸಿ, “ನೀ ಮಾಡಿಕೊಡು. ಎಲೆ ಸರಿಯಾಗಿ ಬಂದರೆ ಸೈಟು ಇನ್ನು ನಿನ್ನದೇ” ಎಂದರು. ಭೋಜನ್‌ಗೆ ವರ್ಷವಿಡೀ ಕೆಲಸ ಕೊಡುವ ಗಿರಾಕಿ ಅದೊಂದೇ. ಅವನು ಫ್ಯಾಕ್ಟರಿಯ ಬಾಗಿಲು ಬಿಟ್ಟು ಕದಲಲಿಲ್ಲ.

ಸಿಂಧುಜಾ ಎಐಗೆ ಹೇಳಿ ಹತ್ತೇ ನಿಮಿಷದಲ್ಲಿ ಹೊಸ ಫಾರಂ ಬರೆಸಿದಳು. ಹದಿನಾಲ್ಕು ಪ್ರಶ್ನೆ! ಗಿಡದ ತಳಿ, ಎಲೆಯ ತೇವಾಂಶ, ತೋಟದ ಎತ್ತರ. ಮರುದಿನ ಒಬ್ಬರೂ ತುಂಬಲಿಲ್ಲ. ಹಾಲನ್ ಖಾಲಿ ಲಾರಿಯಲ್ಲಿ ಕುಳಿತು ಬೀಡಿ ಸೇದಿದ.

ಮಧ್ಯಾಹ್ನ ಹಟ್ಟಿಯ ಲಿಂಗಿ ಅಜ್ಜಿ ತಲೆಯ ಮೇಲೆ ಮೂಟೆ ಹೊತ್ತು ಫ್ಯಾಕ್ಟರಿಗೇ ಬಂದಳು.

“ಎನ್ನ ಕೂಸು ಎಲ್ಲಿ ಹೋತು? ಹಳೇದನ್ನೇ ಹಾಕು.”

ಫಾರಂನಲ್ಲಿ ‘ಮಕ್ಕಳು ಎಷ್ಟು?’ ಎಂದು ಕೇಳು ಎಂದು ಸಿಂಧುಜಾ ಎಐಗೆ ಹೇಳಿದಳು. ಕಾರ್ಖಾನೆಯಲ್ಲಿ ಮಕ್ಕಳು ಇರಬಾರದೆಂದು ಅದು ವಿನಯದಿಂದ ಬುದ್ಧಿ ಹೇಳಿತು. “ಮಾಮಾ, ನೀವೇ ಹಾಕಿ” ಎಂದು ಅವಳು ಬಾಗಿಲಲ್ಲಿದ್ದವನ ಕಡೆ ಲ್ಯಾಪ್‌ಟಾಪ್ ತಿರುಗಿಸಿದಳು. ಭೋಜನ್ ಎರಡು ನಿಮಿಷದಲ್ಲಿ ಹಳೆಯದನ್ನು ಅಂಟಿಸಿ, ಎದೆಯುಬ್ಬಿಸಿ ನಿಂತ. ಸೈಟು ಅವನಿಗೇ ಉಳಿಯಿತು.

ಲಿಂಗಿ ಅಜ್ಜಿ ಅಲ್ಲೇ ತುಂಬಿದಳು. ದೊಡ್ಡವರು ಒಂದು. ಫೋನು ಟಿಣ್ ಎಂದಿತು: ‘ನಿಮ್ಮ ಸ್ನಾನಕ್ಕೆ ಬಿಸಿನೀರು ಸಿದ್ಧವಾಗಿದೆ.’

“ಎರಡು ವರ್ಷದಿಂದ ಹೀಗೇ ಹೇಳ್ತಿದ್ದೀಯೆ, ಭೋಜಾ. ಎಲ್ಲಿ ನೀರು?”

“ಅದು ಹೋಂಸ್ಟೇಯ ಸಾಲು, ತೆಗೆದುಬಿಡ್ತೀನಿ, ಅಜ್ಜಿ.”

“ತೆಗಿಬೇಡ. ಕಾಯಿಸು.”

ಈಗ ಎಲೆ ತರುವವರಿಗಾಗಿ ಫ್ಯಾಕ್ಟರಿಯ ಹಿಂದೆ ದಿನಾ ಹಂಡೆಗೆ ಉರಿ ಹಾಕುವವನು ನಮ್ಮ ವೆಬ್ ಡಿಸೈನರ್.